“ಒಲ್ಲೆ” ಎನ್ನಲು ಬಿಡುವ ವಿಚಾರಣೆ

ಸ್ವದೇಶದಲ್ಲಿ ಪ್ರಾಣಕ್ಕೆ ಅಪಾಯವೊದಗಿ ಪರದೇಶಕ್ಕೆ ಓಡಿಬಂದವರಲ್ಲಿ ಎರಡು ಬಗೆ. ಆಶ್ರಯಕ್ಕಾಗಿ ಅರ್ಜಿ ಹಾಕಿ ತೀರ್ಪಿಗೆ ಕಾದಿರುವವರು ಕೆಲವರು. 1951ರ ಜಿನೀವಾ ಒಡಂಬಡಿಕೆಯಂತೆ ನಿರಾಶ್ರಿತರೆಂದು ಸರಕಾರ ಒಪ್ಪಿಕೊಂಡವರು ಇನ್ನು ಕೆಲವರು. ಬ್ರಿಟನ್ನಿನಲ್ಲಿ ಕಾದಿರುವವರಿಗೆ ಸಾಮಾನ್ಯವಾಗಿ ದುಡಿಯಲು ಅಪ್ಪಣೆಯಿಲ್ಲ. ವಸತಿ ಬೇಡಿದವರು ಸರಕಾರ ತೋರಿಸಿದ ಊರಿನಲ್ಲಿಯೇ ಇರಬೇಕು. ಅಲ್ಲಿ ಗರ್ಭಿಣಿಯಾದವಳಿಗೆ ಎಷ್ಟೋ ಸಲ ಆಸ್ಪತ್ರೆಯ ಭಾಷೆ ತಿಳಿಯದು, ತವರಿನವರೂ ಹತ್ತಿರವಿಲ್ಲ. ಅವಳ ಹೆರಿಗೆಯಲ್ಲಿ ಎಲ್ಲಿ ತೊಡಕಾಯಿತೆಂದು ಸಂಶೋಧಕರು ವಿಚಾರಿಸುವುದುಂಟು. ಆ ವಿಚಾರಣೆ ನ್ಯಾಯವಾಗಿ ನಡೆಯಲು ಏನು ಬೇಕೆಂಬುದನ್ನು ನೋಡೋಣ.

ಕೇಳದೆಯೇ ಬಿಟ್ಟರಾಯಿತಲ್ಲ ಎನ್ನಬಹುದು. ಹಾಗಲ್ಲ. ಇಂಗ್ಲಿಷ್ ಬಲ್ಲವರನ್ನಷ್ಟೇ ಕೇಳಿ ವರದಿ ಬರೆದರೆ ಆಸ್ಪತ್ರೆಯ ಏರ್ಪಾಡೂ ಅವರಿಗಷ್ಟೇ ಹೊಂದುತ್ತದೆ. ಉಳಿದವಳ ಕಷ್ಟ ಕಾಗದಕ್ಕೇರುವುದೇ ಇಲ್ಲ. ಆದ್ದರಿಂದ ಕೇಳಬೇಕು, ಆದರೆ ಅವಳು ನಿರ್ಭಯವಾಗಿ “ಒಲ್ಲೆ” ಎನ್ನುವಂತಿರಬೇಕು.

ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆಯಾದಾಗ, ನ್ಯೂರೆಂಬರ್ಗಿನ ನ್ಯಾಯಾಲಯ 1947ರಲ್ಲಿ ಹತ್ತು ಸೂತ್ರಗಳನ್ನು ಹಾಕಿಕೊಟ್ಟಿತು. ಮೊದಲನೆಯದೇ ಸ್ವಇಚ್ಛೆಯ ಒಪ್ಪಿಗೆ. ನಾವು ಗುಮಾಸ್ತರು, ಹೆಬ್ಬೆಟ್ಟು ಬೀಳುವುದಕ್ಕೂ ಮನಸ್ಸು ಒಪ್ಪುವುದಕ್ಕೂ ಇರುವ ಅಂತರ ನಮಗೆ ಗೊತ್ತು. ಒಲ್ಲೆನೆಂದರೆ ಅರ್ಜಿ ಕೆಟ್ಟೀತು, ಮಗುವಿಗೆ ಔಷಧಿ ತಪ್ಪೀತು ಎಂದು ಹೆದರಿ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ.

ಈ ಹೆದರಿಕೆ ಬರಿಯ ಭ್ರಮೆಯೂ ಅಲ್ಲ. ವಲಸೆ ಕಾನೂನು ಮೀರಿದವರನ್ನು ಹುಡುಕಲು ರೋಗಿಗಳ ವಿಳಾಸವನ್ನು ಗೃಹ ಖಾತೆಗೆ ಕೊಡುವ ಒಪ್ಪಂದವೊಂದು ಇಂಗ್ಲೆಂಡಿನಲ್ಲಿ 2017ರ ಜನವರಿಯಿಂದ ಜಾರಿಯಲ್ಲಿತ್ತು. ವೈದ್ಯರೂ ಪಾರ್ಲಿಮೆಂಟಿನ ಆರೋಗ್ಯ ಸಮಿತಿಯೂ ವಿರೋಧಿಸಿದ ಮೇಲೆ 2018ರಲ್ಲಿ ಅದನ್ನು ಹಿಂತೆಗೆದುಕೊಂಡರು.

ಆದುದರಿಂದ ಸಂಶೋಧಕರು ಪಾಲಿಸತಕ್ಕ ಕ್ರಮಗಳು ಇವು:

1. ತಾವು ಯಾರು, ಏಕೆ ಕೇಳುತ್ತೇವೆ, ಅರ್ಜಿಗೂ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲವೆಂದು ಅವಳ ಭಾಷೆಯಲ್ಲಿಯೇ ಹೇಳಬೇಕು. ಯೋಚಿಸಲು ಸಮಯ ಕೊಡಬೇಕು. ನಡುವೆ ಬಿಟ್ಟೇಳಲೂ ಬಿಡಬೇಕು.

2. ಗಂಡನನ್ನೋ ಮಗನನ್ನೋ ದುಭಾಷಿಯಾಗಿ ಕೂರಿಸಬಾರದು. ಅವಳ ಊರಿನವರೇ ದುಭಾಷಿಯಾದರೆ ಮಾತು ಹೊರಬಿದ್ದೀತೆಂಬ ಭಯವುಂಟು. ಯಾರಾಗಬಹುದೆಂದು ಅವಳನ್ನೇ ಕೇಳಬೇಕು.

3. ಹೆರಿಗೆಯ ವಿಷಯಕ್ಕೆ ಬೇಕಾದಷ್ಟನ್ನೇ ಕೇಳಬೇಕು. ಕಂಡ ಬಲಾತ್ಕಾರ, ಸಾವುಗಳನ್ನು ಅವಳು ಅಧಿಕಾರಿಗಳ ಮುಂದೆ ಒಮ್ಮೆ ಹೇಳಿರುತ್ತಾಳೆ; ಅವನ್ನು ಕೆದಕಬಾರದು. ಅತ್ತರೆ ನಿಲ್ಲಿಸಬೇಕು. ನೆರವು ಎಲ್ಲಿ ಸಿಕ್ಕೀತೆಂದು ಮೊದಲೇ ತಿಳಿದಿರಬೇಕು.

4. ಹೆಸರು ಅಳಿಸಿದರೆ ಸಾಲದು. ಒಂದು ಊರಿನಲ್ಲಿ ಒಂದು ದೇಶದ ಹೆಂಗಸರು ಮೂವರೇ ಇದ್ದರೆ, ದೇಶವನ್ನೂ ಹೆರಿಗೆಯ ತಿಂಗಳನ್ನೂ ಬರೆದೊಡನೆ ಗುರುತು ಸಿಕ್ಕಿಹೋಗುತ್ತದೆ. ಮಗುವಿಗೆ ಅಪಾಯ ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು.

5. ಬಸ್ಸಿನ ಖರ್ಚು ಕೊಡಬೇಕು. ಆದರೆ ಹಣದ ಅಡಚಣೆಗೇ ಒಪ್ಪುವಷ್ಟು ದೊಡ್ಡ ಮೊತ್ತ ತೋರಿಸಬಾರದು.

ಇದು ಬರಿಯ ಪರದೇಶದ ಮಾತಲ್ಲ. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು ನಿರಾಶ್ರಿತರನ್ನೂ ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ವಿಶೇಷ ರಕ್ಷಣೆ ಬೇಕಾದವರ ಪಟ್ಟಿಯಲ್ಲಿ ಸೇರಿಸಿವೆ. ವಲಸೆ ಬಂದವರೂ ಆ ಪಟ್ಟಿಯಲ್ಲಿದ್ದಾರೆ. ಓದುಬಾರದವರ ಒಪ್ಪಿಗೆ ಪಡೆಯುವಾಗ ಓದುಬಲ್ಲ, ಪಕ್ಷಪಾತವಿಲ್ಲದ ಸಾಕ್ಷಿ ಇರಬೇಕೆಂಬುದೂ ಅಲ್ಲಿನ ವಿಧಿ.

ನಮ್ಮ ಚಾಳಿಗೂ ಯಾರಾದರೂ ಬಾಣಂತಿಯನ್ನು ವಿಚಾರಿಸಲು ಬಂದಾರು. ಬಂದವರನ್ನು ಬೈದು ಕಳಿಸುವುದು ಬೇಡ. ನೀತಿ ಸಮಿತಿಯ ಒಪ್ಪಿಗೆಯಿದೆಯೇ ಎಂದು ಕೇಳೋಣ. ಕಾಗದವನ್ನು ಕನ್ನಡದಲ್ಲಿ ಆಕೆಗೆ ಓದಿ ಹೇಳೋಣ. ಅದರದೊಂದು ಪ್ರತಿ ಇಸಿದುಕೊಳ್ಳೋಣ. ಹೂಂ ಎನ್ನುವುದನ್ನೂ ಉಹೂಂ ಎನ್ನುವುದನ್ನೂ ಮಾತ್ರ ಆ ತಾಯಿಗೇ ಬಿಡೋಣ.