ಮರೆವಿನ ರೋಗ: ಆರೈಕೆಯ ವೆಚ್ಚ ಯಾರದು?

ವಯಸ್ಸಾದವರು ಕನ್ನಡಕವನ್ನು ಎಲ್ಲಿಟ್ಟೆವೆಂದು ತಡಕಾಡುವುದು ಸಹಜ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುವ ಬಗೆಯೇ ಮರೆತುಹೋದರೆ, ಬಾಳಿ ಬದುಕಿದ ಮನೆಯೇ ಪರರದೆಂದು ತೋರಿದರೆ, ಅದು ಬರಿಯ ಮುಪ್ಪಲ್ಲ. ಮಿದುಳಿನ ನರಕೋಶಗಳು ನಶಿಸುತ್ತಿರುವುದರ ಚಿಹ್ನೆಯಾಗಿರಬಹುದು. ಇಂಥ ಲಕ್ಷಣಗಳ ಸಮೂಹವನ್ನು ವೈದ್ಯರು ಡಿಮೆನ್ಷಿಯ ಎನ್ನುತ್ತಾರೆ. ಆಲ್ಜೈಮರ್ ರೋಗ ಇದರ ಮುಖ್ಯ ಕಾರಣ. ಮಿದುಳಿಗೆ ರಕ್ತ ಸರಿಯಾಗಿ ಹರಿಯದಿರುವುದು ಇನ್ನೊಂದು. ಪೂರ್ಣವಾಗಿ ಗುಣಪಡಿಸುವ ಔಷಧ ಇವಕ್ಕೆ ದೊರೆತಿಲ್ಲವಾದುದರಿಂದ, ಚಿಕಿತ್ಸೆಗಿಂತ ಆರೈಕೆಯೇ ಇಲ್ಲಿ ಪ್ರಧಾನ. ಅದಕ್ಕೆ ಹಣವೆಲ್ಲಿಂದ ಬರಬೇಕು? ಇಂಗ್ಲೆಂಡಿನ ಉದಾಹರಣೆಯನ್ನು ಪರಿಶೀಲಿಸೋಣ.

ಆ ದೇಶದಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ನಡೆಯುತ್ತಿದೆ. ವೈದ್ಯರ ಸಲಹೆಗಾಗಲಿ ಆಸ್ಪತ್ರೆಯ ಚಿಕಿತ್ಸೆಗಾಗಲಿ ರೋಗಿ ಶುಲ್ಕ ತೆರಬೇಕಾಗಿಲ್ಲ. ಆದರೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಬಟ್ಟೆ ತೊಡಿಸುವುದು ಚಿಕಿತ್ಸೆಯಲ್ಲ, ‘ಸಾಮಾಜಿಕ ಆರೈಕೆ’ ಎಂದು ಅಲ್ಲಿನ ಗಣನೆ. ಅದು ಸ್ಥಳೀಯ ಆಡಳಿತದ ಹೊಣೆ. ಅದೂ ಸ್ಥಿತಿಗತಿಯನ್ನು ನೋಡಿ. ಉಳಿತಾಯ ಮೊದಲಾದ ಸ್ವತ್ತು 23,250 ಪೌಂಡುಗಳನ್ನು ಮೀರಿದವರು ಸಾಮಾನ್ಯವಾಗಿ ಪೂರ್ತಿ ವೆಚ್ಚವನ್ನು ತಾವೇ ಭರಿಸಬೇಕು. 2010ರಲ್ಲಿ ಜಾರಿಗೆ ಬಂದ ಈ ಮಿತಿ, ಬೆಲೆಗಳು ಎಷ್ಟೇರಿದರೂ ಕದಲಿಲ್ಲ. ಅತಿ ಗಂಭೀರ ಸ್ಥಿತಿಯ ಕೆಲವರಿಗೆ ಮಾತ್ರ ಆರೋಗ್ಯ ಸೇವೆಯೇ ಎಲ್ಲವನ್ನೂ ವಹಿಸಿಕೊಳ್ಳುವುದುಂಟು. ಕ್ಯಾನ್ಸರ್ ಗಡ್ಡೆಯ ಶಸ್ತ್ರಕ್ರಿಯೆ ಉಚಿತವಾದಲ್ಲಿ, ಡಿಮೆನ್ಷಿಯ ರೋಗಿಗೆ ನಿತ್ಯವೂ ಬೇಕಾದುದಕ್ಕೆ ಬೆಲೆಯುಂಟು. ಮಿದುಳು ಕೆಡುವುದು ರೋಗವಾದರೆ, ಅದರಿಂದ ಕೈ ತುತ್ತೆತ್ತದಿರುವುದು ರೋಗವಲ್ಲವೆ? ಈ ವಿಂಗಡಣೆ ಕಚೇರಿಯ ಕಡತಕ್ಕೆ ಅನುಕೂಲವೇ ಹೊರತು ಶರೀರಶಾಸ್ತ್ರಕ್ಕೆ ಒಪ್ಪುವಂಥದೆಂದು ನಮಗೆ ತೋರುವುದಿಲ್ಲ.

ಈ ಬಿರುಕಿನಲ್ಲಿ ಸಿಕ್ಕಿದ ಮನೆಗಳಿಗೆ ಧರ್ಮಸಂಸ್ಥೆಗಳು ನೆರವಾದುವು. ಜೋಸೆಫ್ ಲೆವಿ ಎಂಬವರಿಗೆ ಮಿದುಳಿನ ರಕ್ತನಾಳಗಳ ದೋಷದಿಂದ ಡಿಮೆನ್ಷಿಯ ಉಂಟಾಗಿತ್ತು. ಹಾಯಿದೋಣಿಯ ವಿಹಾರದಲ್ಲಿ ಅವರಿಗಿದ್ದ ಮೋಹದಿಂದ ಬಂದುದು ‘ಅಡ್ಮಿರಲ್ ಜೋ’ ಎಂಬ ಅಡ್ಡಹೆಸರು. ಅವರ ಕುಟುಂಬದವರ ಪ್ರಯತ್ನದಿಂದ 1990ರ ದಶಕದಲ್ಲಿ ‘ಅಡ್ಮಿರಲ್ ದಾದಿ’ಯರ ಸೇವೆ ಬೆಳೆಯಿತು. ಇವರು ರೋಗಿಯಷ್ಟೇ ಗಮನವನ್ನು ಮನೆಯವರಿಗೂ ಕೊಡುತ್ತಾರೆ: ರಾತ್ರಿಯೆಲ್ಲ ಎದ್ದು ಓಡಾಡುವ ತಂದೆಯನ್ನು ಸಮಾಧಾನಪಡಿಸುವ ರೀತಿ, ದಣಿದ ಹೆಂಡತಿಗೆ ದೊರೆಯಬಹುದಾದ ಸಹಾಯ, ಇವೆಲ್ಲ ಅವರ ಕ್ಷೇತ್ರವೇ. ಡಿಮೆನ್ಷಿಯ ಯುಕೆ ಎಂಬ ಧರ್ಮಸಂಸ್ಥೆ ಅವರಿಗೆ ಶಿಕ್ಷಣ, ಮಾರ್ಗದರ್ಶನಗಳನ್ನು ಒದಗಿಸುತ್ತದೆ. ನೇಮಿಸಿಕೊಳ್ಳುವುದು ಬಹುಮಟ್ಟಿಗೆ ಸ್ಥಳೀಯ ಆರೋಗ್ಯ ಸೇವೆ, ಕೊನೆಗಾಲದ ಶುಶ್ರೂಷೆ ಮಾಡುವ ಹಾಸ್ಪೈಸುಗಳು, ಇತರ ಸಂಸ್ಥೆಗಳು.

ದಾನದ ಮೊತ್ತ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ; ರೋಗವಾದರೋ ವರ್ಷಗಟ್ಟಲೆ ಬಿಡದೆ ಸಾಗುತ್ತದೆ. ಹೊಸ ಹುದ್ದೆಯೊಂದನ್ನು ಆರಂಭಿಸಿ ಅದರ ಪ್ರಯೋಜನವನ್ನು ತೋರಿಸಿಕೊಡಲು ದಾನದ ಹಣ ಸಾಕು. ಅದು ಉಳಿಯಬೇಕಾದರೆ ಸ್ಥಳೀಯ ಸೇವೆಯ ವಾರ್ಷಿಕ ಆಯವ್ಯಯದಲ್ಲಿ ಅದಕ್ಕೊಂದು ಸಾಲು ಬೇಕು. ಅಂಥ ದಾದಿ ಇಲ್ಲದ ಊರುಗಳಲ್ಲಿ ಕುಟುಂಬದವರಿಗಿರುವುದು ಸಂಸ್ಥೆಯ ದೂರವಾಣಿ ಸಲಹೆ. ಸ್ನಾನ ಮಾಡಿಸುವ ಕೈ ಮಾತ್ರ ಆ ತಂತಿಯಲ್ಲಿ ಬರುವುದಿಲ್ಲ.