ಹೆಜ್ಜಾರ್ಲೆ ಚೀಲ, ಕರಾರಿನ ಕಾಗದ

ಮಗಾ, ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದಿ ಬಂದವಳು ಕಾಫಿ ಲೋಟಕ್ಕೂ ಬಟ್ಟೆ ಚೀಲಕ್ಕೂ ಚಿತ್ರ ಕೊಡೋದಾ ಅಂತ ನಿನ್ನ ಜೊತೆಯವರು ಆಡಿಕೊಂಡರಂತೆ. ನಿಮ್ಮಪ್ಪ ಹೇಳಿದ. ಬೆಂಗಳೂರಿನ ಗ್ಯಾಲರಿಯವರು ಕೇಳಿದ್ದಕ್ಕೆ ಹೂಂ ಅನ್ನೋಕೂ ಆಗದೆ ಉಹೂಂ ಅನ್ನೋಕೂ ಆಗದೆ ಕೂತಿದ್ದೀಯಂತೆ. ನಿನ್ನ ಈ ಚಿಕ್ಕತಾತನಿಗೆ ಚಿತ್ರ ಬರೆಯೋಕೆ ಬರಲ್ಲ. ಆದರೆ ಮದ್ದೂರಿನಲ್ಲಿ ಪಟಕ್ಕೆ ಕಟ್ಟು ಹಾಕುತ್ತಲೇ ತಲೆ ಬೆಳ್ಳಗಾದವನು ನಾನು. ಬರೆದದ್ದು ಯಾರ ಮನೆ ಸೇರುತ್ತೆ, ಅದರ ದುಡ್ಡು ಯಾರ ಜೇಬು ಸೇರುತ್ತೆ ಅನ್ನೋದನ್ನ ಕೂತಲ್ಲೇ ನೋಡಿದ್ದೀನಿ.

ನಾಚಿಕೆ ಯಾತಕ್ಕೆ? ನಮ್ಮ ಬೆಸಗರಹಳ್ಳಿಗೆ ಯಾವ ಕಾಲದಲ್ಲೂ ಗ್ಯಾಲರಿ ನಡೆದುಬಂದಿಲ್ಲ. ಬಂದದ್ದು ಅಚ್ಚಿನ ಪಟ. ಅರಮನೆಗಳಿಗೆ ತೈಲಚಿತ್ರ ಬರೆದುಕೊಡುತ್ತಿದ್ದ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿ, ಜರ್ಮನಿಯ ಯಂತ್ರ ತರಿಸಿ, ಲಕ್ಷ್ಮಿ ಸರಸ್ವತಿಯರನ್ನ ಕಾಗದಕ್ಕೆ ಇಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅವರು ಬರೆದುಕೊಟ್ಟ ಚಿತ್ರಗಳನ್ನ ನೀನು ಮೈಸೂರಲ್ಲಿ ನೋಡಿದ್ದೀಯ. ನಮ್ಮಜ್ಜಿ ಮೈಸೂರು ಕಂಡವಳಲ್ಲ, ಆದರೂ ದೇವರ ಗೂಡಿನಲ್ಲಿ ಅದೇ ಕೈಯ ಲಕ್ಷ್ಮಿಗೆ ದಿನಾ ಕುಂಕುಮ ಇಡುತ್ತಿದ್ದಳು. ಕೆಲವು ಮನೆಯ ಹೆಂಗಸರು ಪಟದ ಸೀರೆಗೆ ನಿಜವಾದ ಜರಿ, ಮಿಂಚು ಹೊಲಿದು ಅಂಗಡಿಗೆ ತರೋರು. ಗಾಜು ಒತ್ತಿದರೆ ಜರಿ ಕಪ್ಪಾಗುತ್ತೆ ಅಂತ ಒಳಗೆ ಸುತ್ತಲೂ ಪಟ್ಟಿ ಕೊಟ್ಟು ಕಟ್ಟು ಹಾಕಬೇಕಾಗಿತ್ತು. ಗ್ಯಾಲರಿಯಲ್ಲಿ ತೂಗುಹಾಕಿದ ಚಿತ್ರವನ್ನ ಯಾರಾದರೂ ಅಷ್ಟು ಅಕ್ಕರೆಯಿಂದ ಮುಟ್ಟಿದ್ದನ್ನ ನಾನಂತೂ ಕಂಡಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಚಿತ್ರ ಬರೆದ ಗಂಜೀಫಾ ಎಲೆಗಳೂ ಆಡೋ ಸಾಮಾನೇ ತಾನೆ? ಅಮೆರಿಕದ ಕೀತ್ ಹ್ಯಾರಿಂಗ್ ಅನ್ನೋ ಚಿತ್ರಗಾರ 1986ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿಯನ್ನೇ ತೆರೆದು, ತನ್ನ ಗೆರೆಗಳನ್ನ ಟೀ ಶರ್ಟಿನ ಮೇಲೆ, ಬಿಲ್ಲೆಗಳ ಮೇಲೆ ಮಾರಿದ. ದೊಡ್ಡವರು ಮೂಗು ಮುರಿದರು. ಇವತ್ತು ಆತನ ಚಿತ್ರಗಳಿಗೆ ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಜಾಗ ಇದೆ. ಅದಕ್ಕೆ, ಆಡಿಕೊಂಡವರ ಮಾತು ಅಲ್ಲಿಗೇ ಬಿಡು.

ನನಗೆ ದಿಗಿಲಿರೋದು ಗ್ಯಾಲರಿಯವರು ಕೊಟ್ಟ ಕರಾರಿನ ಕಾಗದದ ಬಗ್ಗೆ. ರವಿವರ್ಮರ ಕಥೆಯ ಉಳಿದರ್ಧ ಕೇಳು. ಅಚ್ಚುಕೂಟ ನಷ್ಟಕ್ಕೆ ಬಿತ್ತು, ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞನಿಗೆ ಅದನ್ನ ಮಾರಿದರು. ಯಂತ್ರದ ಜೊತೆಗೆ ಚಿತ್ರಗಳನ್ನ ಅಚ್ಚು ಹಾಕೋ ಹಕ್ಕೂ ಹೋಯಿತು. ಆಮೇಲೆ ಆ ದೇವತೆಯರು ಅಂಗಡಿಯವರ ಕ್ಯಾಲೆಂಡರಿಗೆ, ಸಾಮಾನಿನ ಲೇಬಲ್ಲಿಗೆ ಎಲ್ಲಾ ಇಳಿದರು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ದಶಕಗಟ್ಟಲೆ ಅಚ್ಚಾದರು. ದುಡಿದದ್ದು ಚಿತ್ರ, ಉಂಡವರು ಬೇರೆಯವರು.

ನಮ್ಮ ಕಡೆಯದ್ದೇ ಒಂದಿದೆ. ಬೋರ್ಡು ಬರೆಯುತ್ತಿದ್ದ ನನ್ನ ಗೆಳೆಯನೊಬ್ಬನ ಕೈಲಿ ಕ್ಯಾಲೆಂಡರಿನವರು ಒಂದು ಚಾಮುಂಡಿಯನ್ನ ಬರೆಸಿಕೊಂಡರು. ಕೈಗೆ ಒಂದಿಷ್ಟು ನೋಟು ಇಟ್ಟರು, ಕಾಗದ ಪತ್ರ ಇಲ್ಲ. ವರ್ಷ ವರ್ಷವೂ ಅದೇ ಚಾಮುಂಡಿ ಅಚ್ಚಾಗಿ ಬರೋಳು, ಕೆಳಗೆ ಅವನ ಹೆಸರಿಲ್ಲ. ಜನ ಅದನ್ನೇ ತಂದು ನನ್ನ ಹತ್ತಿರ ಕಟ್ಟು ಹಾಕಿಸೋರು. ಕೇಳೋಕೆ ಹೋದರೆ ದುಡ್ಡು ಕೊಟ್ಟಾಯ್ತಲ್ಲ ಅಂದರಂತೆ. ಅನ್ಯಾಯ ಅನ್ನಿಸಿತು. ಆಮೇಲೆ ವಕೀಲರೊಬ್ಬರು ಓದಿ ಹೇಳಿದಾಗ ಗೊತ್ತಾದದ್ದು: 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಕೇಳಿ, ದುಡ್ಡು ಕೊಟ್ಟು ಬರೆಸಿಕೊಂಡ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದ್ದೇ. ನಿನ್ನಷ್ಟಕ್ಕೆ ನೀನೇ ಬರೆದಿಟ್ಟದ್ದು ಮಾತ್ರ ನಿನ್ನದು. ಆ ಹಕ್ಕು ನೀನು ಬದುಕಿರೋವರೆಗೂ, ಆಮೇಲೆ ಅರವತ್ತು ವರ್ಷ ನಿನ್ನ ವಾರಸುದಾರರಿಗೂ ಉಳಿಯುತ್ತೆ.

ಗ್ಯಾಲರಿಯವರ ಕಾಗದದ ಎರಡನೇ ಪುಟದಲ್ಲಿ ನಿನ್ನ ಹಕ್ಕಿಗಳ ಚಿತ್ರಗಳನ್ನ ‘ಎಲ್ಲ ವಸ್ತುಗಳ ಮೇಲೆ, ಎಲ್ಲ ದೇಶಗಳಲ್ಲಿ, ಶಾಶ್ವತವಾಗಿ’ ಬಳಸೋ ಅಧಿಕಾರ ಕೇಳಿದ್ದಾರೆ. ಅವರು ಕೆಟ್ಟವರು ಅಂತಲ್ಲ, ಬರೆಯೋರು ಯಾವಾಗಲೂ ತಮಗೆ ಅನುಕೂಲವಾಗೋ ಹಾಗೇ ಬರೆಯೋದು. ನೀನು ಆ ಸಾಲು ಹೊಡೆದುಹಾಕಿ, ಲೋಟ ಮತ್ತು ಚೀಲ ಅಂತ ಹೆಸರು ಹಿಡಿದು ಬರೆಸು. ಎರಡು ವರ್ಷ ಅಂತ ಅವಧಿ ಹಾಕಿಸು. ಮಾರಿದ ಪ್ರತಿಯೊಂದಕ್ಕೆ ನಿನಗೆಷ್ಟು, ಯಾವ ತಿಂಗಳು ಲೆಕ್ಕ ಕೊಡ್ತಾರೆ ಅನ್ನೋದೂ ಇರಲಿ. ಅವಧಿ ಬರೆಯದೇ ಇದ್ದರೆ ಕಾಯಿದೆ ಅದನ್ನ ಐದು ವರ್ಷ ಅಂತ ತಿಳಿಯುತ್ತೆ, ಜಾಗ ಬರೆಯದೇ ಇದ್ದರೆ ಭಾರತ ಮಾತ್ರ ಅಂತ. ಅಂದರೆ ಖಾಲಿ ಬಿಟ್ಟ ಸಾಲು ನಿನ್ನ ಪರ, ‘ಶಾಶ್ವತ’ ಅಂತ ತುಂಬಿದ ಸಾಲು ನಿನಗೆ ವಿರುದ್ಧ.

ಹೆಸರಿನ ವಿಷಯಕ್ಕೆ ಬಗ್ಗಬೇಡ. ಚೀಲದ ಮೂಲೆಯಲ್ಲಿ, ಲೋಟದ ಅಡಿಯಲ್ಲಿ ನಿನ್ನ ಹೆಸರು ಬರಲಿ. ಹಕ್ಕು ಮಾರಿದ ಮೇಲೂ ಇದು ತನ್ನ ಕೃತಿ ಅನ್ನೋ ಅಧಿಕಾರ, ಅದನ್ನ ಕೆಡಿಸದ ಹಾಗೆ ತಡೆಯೋ ಅಧಿಕಾರ ಎರಡೂ ಬರೆದವರದ್ದೇ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಕಂಚಿನ ಭಿತ್ತಿಶಿಲ್ಪ ಕಿತ್ತುಹಾಕಿದ ಸರ್ಕಾರದ ಮೇಲೆ ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ ದಾವೆ 2005ರಲ್ಲಿ ಗೆದ್ದದ್ದು ಇದೇ ನೆಲೆಯ ಮೇಲೆ. ಶಿಲ್ಪ ಸರ್ಕಾರದ್ದೇ ಆಗಿತ್ತು, ಆದರೂ.

ಇನ್ನೊಂದು ಗಂಟಿದೆ, ಇದು ನಿನ್ನ ಕಾಲೇಜಿನಲ್ಲಿ ಹೇಳಿಕೊಟ್ಟಿರಲಾರರು. ಒಂದು ವಸ್ತುವಿಗೇ ಅಂತ ಮಾಡಿದ ವಿನ್ಯಾಸವನ್ನ ನೋಂದಾಯಿಸದೆ, ಯಂತ್ರದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ಮಾಡಿಬಿಟ್ಟರೆ ಅದರ ಕೃತಿಸ್ವಾಮ್ಯ ಹೋಗುತ್ತೆ. ಗೋಡೆಗೆ ಅಂತ ಬರೆದ ಮೂಲ ಚಿತ್ರದ ಮಾತು ಬೇರೆ. ಚೀಲದ ಬಟ್ಟೆ ತುಂಬ ಹರಡಿದ ಬಳ್ಳಿ ಬಿನ್ನಾಣದ ಮಾತು ಇದು. ಅಂಥದ್ದಕ್ಕೆ 2000ದ ವಿನ್ಯಾಸ ಕಾಯಿದೆಯಲ್ಲಿ ಮೊದಲು ಹತ್ತು ವರ್ಷ, ಆಮೇಲೆ ಇನ್ನೈದು ವರ್ಷ ರಕ್ಷಣೆ ಸಿಗುತ್ತೆ. ಆದರೆ ಅರ್ಜಿ ಹಾಕೋಕೆ ಮುಂಚೆ ಅದನ್ನ ಎಲ್ಲೂ ಬಹಿರಂಗವಾಗಿ ತೋರಿಸಿರಬಾರದು. ನೀನೋ, ಬಣ್ಣ ಒಣಗೋ ಮೊದಲೇ ಇನ್‌ಸ್ಟಾಗ್ರಾಮಿಗೆ ಹಾಕೋಳು. ಸ್ವಲ್ಪ ಕೈ ಬಿಗಿಹಿಡಿ.

ದುಡ್ಡಿನ ಲೆಕ್ಕ ಹೇಳೋಕೆ ನಾಚಿಕೊಂಡರೆ ಅಂಗಡಿ ನಡೆಯಲ್ಲ ಕಣವ್ವ. ಲೋಟಕ್ಕೆ 350 ರೂಪಾಯಿ ಅಂತಿಟ್ಟುಕೋ. ಅಂಗಡಿಯವರು ನೂರಕ್ಕೆ ನಲವತ್ತು ಹಿಡಿದರೆ 140 ಹೋಯಿತು. ಖಾಲಿ ಲೋಟ, ಅಚ್ಚು, ಡಬ್ಬ ಸೇರಿ 130 ಅಂದುಕೋ. ಸಾಗಣೆಗೂ ಒಡೆದದ್ದಕ್ಕೂ 30. ನಿನಗೆ ಉಳಿದದ್ದು 50. ಈ ಲೆಕ್ಕ ಮೊದಲೇ ಹಾಕಿದ್ದರೆ ಎಷ್ಟು ಲೋಟ ಮಾಡಿಸಬೇಕೋ, ಮಾಡಿಸಲೇಬಾರದೋ ಅನ್ನೋದು ತಿಳಿಯುತ್ತೆ. ಮಾರಿಹೋದ ಮೇಲೆ ದುಡ್ಡು ಅನ್ನೋ ಕಡೆ ಇಟ್ಟ ಸಾಮಾನಿನ ಪಟ್ಟಿಗೆ ಸಹಿ ಹಾಕಿಸಿಕೋ. ಒಡೆದರೆ ಯಾರ ತಲೆಗೆ ಅನ್ನೋದನ್ನೂ ಅದರಲ್ಲೇ ಬರೆಸು.

ಸಾಮಾನು ಗಟ್ಟಿ ಇರಲಿ. ಲೋಟಕ್ಕೆ ಹಾಕೋ ಸಬ್ಲಿಮೇಷನ್ ಅಚ್ಚು ಪಾಲಿಯೆಸ್ಟರ್ ಲೇಪದ ಮೇಲೆ ಹಿಡಿಯುತ್ತೆ, ಹತ್ತಿ ಬಟ್ಟೆ ಮೇಲೆ ನಿಲ್ಲಲ್ಲ. ಚೀಲಕ್ಕೆ ಸ್ಕ್ರೀನ್ ಪ್ರಿಂಟೇ ಸರಿ. ಮೊದಲನೆಯ ಚೀಲವನ್ನ ನಿಮ್ಮಮ್ಮನ ಕೈಗೆ ಕೊಟ್ಟು ಒಗೆಯೋ ಕಲ್ಲಿನ ಮೇಲೆ ನಾಲ್ಕು ಸಲ ಕುಕ್ಕಿಸು. ಬಣ್ಣ ಉಳಿದರೆ ಆರ್ಡರು ಕೊಡು. ಮರದ್ದು ಬೇಕಾದರೆ ಚನ್ನಪಟ್ಟಣ ಇಲ್ಲೇ ಪಕ್ಕ. ಆಲೆಮರವನ್ನ ಕಡೆದು ಅರಗಿನ ಬಣ್ಣ ಏರಿಸೋರ ಜೊತೆ ಕೂತು ಒಂದು ಹಕ್ಕಿ ಗೊಂಬೆ ಮಾಡಿಸಬಹುದು. ಆದರೆ ಡಬ್ಬದ ಮೇಲೆ ಅವರ ಹೆಸರೂ ಬರಲಿ. ಹಸೆ ಚಿತ್ತಾರದ ಗೆರೆಗಳನ್ನ ಮಲೆನಾಡಿನ ದೀವರ ಹೆಂಗಸರ ಗೋಡೆಯಿಂದ ಎತ್ತಿ ದಿಂಬಿನ ಚೀಲಕ್ಕೆ ಹಾಕಿ ‘ನನ್ನ ವಿನ್ಯಾಸ’ ಅಂತ ಮಾರೋರನ್ನ ಕಂಡಿದ್ದೀನಿ. ನನ್ನ ಗೆಳೆಯನಿಗೆ ಕ್ಯಾಲೆಂಡರಿನವರು ಮಾಡಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ನಿನಗೆ ಬೇರೆಯವರ ಗೋಡೆ ಬೇಕಾಗಿಯೂ ಇಲ್ಲ, ನಮ್ಮ ತಾಲ್ಲೂಕಲ್ಲೇ ಹೆಜ್ಜಾರ್ಲೆ ಗೂಡು ಕಟ್ಟೋ ಕೊಕ್ಕರೆ ಬೆಳ್ಳೂರು ಇದೆ. ನಿನ್ನ ಹೆಜ್ಜಾರ್ಲೆ ಚಿತ್ರ ನೋಡಿದೆ. ಚೆನ್ನಾಗಿದೆ, ಆದರೆ ಅದು ಬೆಳ್ಳೂರಿನದ್ದಲ್ಲ. ಹಳದಿ ಗಂಟಲಚೀಲದ ಬಿಳಿ ಹೆಜ್ಜಾರ್ಲೆ ಮೊಬೈಲಿನಲ್ಲಿ ಹುಡುಕಿದರೆ ಸಿಗೋದು. ನಮ್ಮ ಹುಣಸೆ ಮರದಲ್ಲಿ ಗೂಡು ಕಟ್ಟೋದು ಮಾಸಲು ಬಣ್ಣದ್ದು, ಮೇಲ್ಕೊಕ್ಕಿನ ಉದ್ದಕ್ಕೂ ಚುಕ್ಕೆ ಇರುತ್ತೆ. ಹಿತ್ತಲ ಮರದಲ್ಲಿ ಹೆದರದೆ ಕೂರುತ್ತೆ. ಫೆಬ್ರವರಿಯಲ್ಲಿ ಹೋಗಿ ಮರಿಗೆ ಉಣಿಸೋ ಹೊತ್ತು ನೋಡಿ ಬರಿ. ಆ ಚುಕ್ಕೆ ಇರೋ ಚೀಲವನ್ನ ನಮ್ಮ ಊರಿನವರು ಗುರುತು ಹಿಡೀತಾರೆ, ಹಕ್ಕಿ ಬಲ್ಲ ಬೆಂಗಳೂರಿನವರು ಕಾಸು ಕೊಟ್ಟು ಕೊಳ್ತಾರೆ.

ಗ್ಯಾಲರಿಯವರು ಎರಡನೇ ಪುಟ ತಿದ್ದೋಕೆ ಒಪ್ಪದೇ ಹೋದರೆ ಬಿಟ್ಟುಬಿಡು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸ್ತಾರೆ. ಅಲ್ಲಿ ನೂರು ರೂಪಾಯಿಯ ಚಿತ್ರವೂ ಇರುತ್ತೆ, ಲಕ್ಷದ್ದೂ ಇರುತ್ತೆ. ಮಳಿಗೆಗೆ ತಿಂಗಳುಗಳ ಮುಂಚೆಯೇ ಅರ್ಜಿ ಕರೀತಾರೆ, ಕಣ್ಣಿಟ್ಟಿರು. ಮೂಲ ಚಿತ್ರ ನಾಲ್ಕೇ ತಗೊಂಡು ಹೋಗು, ಸಹಿ ಹಾಕಿ ನಂಬರು ಕೊಟ್ಟ ಅಚ್ಚುಗಳು ಇಪ್ಪತ್ತೈದು ಇರಲಿ. ಇಪ್ಪತ್ತೈದು ಅಂದಮೇಲೆ ಇಪ್ಪತ್ತಾರನೆಯದು ಬೇಡ. ಚೀಲ, ಕಾರ್ಡು ಮುಂದಿನ ಸಾಲಿನಲ್ಲಿಡು, ಬಿಲ್ಲು ಪುಸ್ತಕ ಮರೆಯಬೇಡ. ಕಟ್ಟು ಬೇಕು ಅಂದವರಿಗೆ ಅಳತೆ ಬರೆದುಕೊಂಡು ಬಾ. ತೇಗದ ಪಟ್ಟಿ, ಎರಡು ಎಂಎಂ ಗಾಜು, ಹಿಂದೆ ಗೆದ್ದಲು ಹಿಡಿಯದ ಹಲಗೆ. ರೇಟು ನಾನು ಹೇಳ್ತೀನಿ, ನಿನ್ನ ಪಾಲು ಅದರಲ್ಲಿ ಬೇರೆ.