ಪುಸ್ತಕ ಮುಚ್ಚಿ ಮಾಡುವ ಅಭ್ಯಾಸ

ಪುಣೆಯ ಸದಾಶಿವ ಪೇಠೆಯಲ್ಲಿ ಅಡ್ಡಾಡುವವರಿಗೆ ‘ಅಭ್ಯಾಸಿಕಾ’ ಎಂಬ ಫಲಕಗಳು ಕಾಣದೆ ಇರವು. ಬಾಡಿಗೆ ತೆತ್ತು ತಾಸುಗಟ್ಟಲೆ ಕುಳಿತು ಓದುವ ಈ ಕೊಠಡಿಗಳಲ್ಲಿ ತರುಣರ ಶ್ರದ್ಧೆಗೆ ಕೊರತೆಯಿಲ್ಲ. ಆದರೆ ಕುಳಿತ ತಾಸುಗಳು ಒಂದು ಲೆಕ್ಕ, ತಲೆಯಲ್ಲಿ ಉಳಿದದ್ದು ಬೇರೆಯೇ ಲೆಕ್ಕ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಜಮೆಯಾದದ್ದೆಲ್ಲವೂ ಶಿಲ್ಕಾಗಿ ಉಳಿಯುವುದಿಲ್ಲ.

1885ರಲ್ಲಿ, ನಮ್ಮ ಫರ್ಗ್ಯುಸನ್ ಕಾಲೇಜು ಆರಂಭವಾದ ವರ್ಷವೇ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಮರೆವನ್ನು ಅಳೆದು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಗಳ ಅನಂತರ ತನ್ನನ್ನೇ ಪರೀಕ್ಷಿಸಿಕೊಂಡನು. ಮೊದಲ ಕೆಲವು ತಾಸುಗಳಲ್ಲಿ ಮರೆವು ಅತಿವೇಗದಿಂದ ಸಾಗಿ, ಬಳಿಕ ನಿಧಾನವಾಗುವುದೆಂದು ಅವನಿಗೆ ಕಂಡುಬಂದಿತು.

ಇದಕ್ಕೆ ಮದ್ದೇನು? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತವಾಗಿದೆ. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಮಾತ್ರ ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಎರಡು ಸಲ ಓದಿದ್ದು ಶೇಕಡಾ 81ರಷ್ಟು, ಒಮ್ಮೆ ಓದಿ ಬರೆದದ್ದು 75ರಷ್ಟು ನೆನಪಿನಲ್ಲಿತ್ತು. ವಾರದ ಅನಂತರವಾದರೋ ಓದಿದ್ದು 42ಕ್ಕೆ ಇಳಿದರೆ, ಬರೆದದ್ದು 56ರಲ್ಲಿ ನಿಂತಿತು. ಆ ಐದು ನಿಮಿಷಗಳ ಗೆಲುವೇ ವಿದ್ಯಾರ್ಥಿಯನ್ನು ವಂಚಿಸುವುದು. ಪುಟ ಪರಿಚಿತವಾದೊಡನೆ ವಿಷಯ ವಶವಾಯಿತೆಂದು ಅವನು ಭ್ರಮಿಸುತ್ತಾನೆ.

ಬಿ.ಕಾಂ. ಎರಡನೆಯ ವರ್ಷದಲ್ಲಿದ್ದ ನನ್ನ ಮಗಳು ಹೀಗೆಯೇ ಭ್ರಮಿಸಿದಳು. ರಾತ್ರಿ ಎರಡರವರೆಗೆ ಕುಳಿತು, ಪುಸ್ತಕದ ಸಾಲುಸಾಲಿಗೂ ಹಳದಿ ಬಳಿದು, ಲೆಕ್ಕಶಾಸ್ತ್ರದಲ್ಲಿಯೇ ಅನುತ್ತೀರ್ಣಳಾದಳು. ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಮೂರನೆಯ ದಿನ ಧಾರವಾಡದ ಕಡೆಯವರಾದ ನನ್ನ ತಾಯಿಯವರು, “ಏನ ಓದೀದಿ, ನನಗರ ಹೇಳು” ಎಂದರು. ಆಕೆ ಸವಕಳಿಯ ವಿಷಯವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು. “ಕನ್ನಡದಾಗ ಹೇಳ ತಂಗೀ” ಎಂದಾಗ ತಡವರಿಸಿದಳು. “ಈ ವರ್ಷ ರೊಕ್ಕಾನ ಕೊಟ್ಟಿಲ್ಲಂದ್ರ ಖರ್ಚು ಹ್ಯಾಂಗ ಆತು?” ಎಂಬ ಪ್ರಶ್ನೆಗಂತೂ ಉತ್ತರವೇ ಹೊರಡಲಿಲ್ಲ. ಮರುದಿನ ತಾನೇ ಯೋಚಿಸಿ ವಿವರಿಸಿದಳು: ಗಿರಣಿಯ ಯಂತ್ರಕ್ಕೆ ಹಣ ಕೊಟ್ಟದ್ದು ಮೊದಲ ದಿನ, ಅದು ಸವೆಯುವುದು ಹತ್ತು ವರ್ಷ, ಆದ್ದರಿಂದ ಪ್ರತಿ ವರ್ಷದ ಪಾಲನ್ನು ಆಯಾ ವರ್ಷದ ಖರ್ಚೆಂದು ಬರೆಯಬೇಕು. ಪರಭಾಷೆಯ ವಾಕ್ಯವನ್ನು ಅರ್ಥವಾಗದೆಯೂ ಒಪ್ಪಿಸಬಹುದು, ತಾಯ್ನುಡಿಯಲ್ಲಿ ಹಾಗಾಗದು. ಪರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಇದೊಂದು ಅನುಕೂಲವೇ ಸರಿ.

ಓದಿದ್ದನ್ನು ಅಂದೇ ಪುಸ್ತಕ ಮುಚ್ಚಿ ಬರೆಯಬೇಕು. ಮರುದಿನ, ವಾರದ ಅನಂತರ, ತಿಂಗಳಿಗೊಮ್ಮೆ ಪುನಃ ಬರೆದು, ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡಬೇಕು. ನಿದ್ರೆಗೆಟ್ಟು ಓದುವುದು ಬೇಡ. ಹಗಲು ಕಲಿತದ್ದು ಮೆದುಳಿನಲ್ಲಿ ನೆಲೆಗೊಳ್ಳುವ ಕಾರ್ಯ ಬಹುಮಟ್ಟಿಗೆ ನಿದ್ರೆಯಲ್ಲಿಯೇ ನಡೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೂ ಏಳು ತಾಸುಗಳ ನಿದ್ರೆ ಇರಲಿ; ಅಂದು ದೀಪ ಆರಿಸುವ ಹೊಣೆಯನ್ನು ಪಾಲಕರು ವಹಿಸಿಕೊಳ್ಳಬಹುದು.